ಕ್ಷಮೆಯ ಬಗ್ಗೆ ಮಾತಾಡ್ತೇನೆ, ತಮ್ಮನ ಜೊತೆ ಮಾತಿಲ್ಲ

ಪ್ರಶ್ನೆ: ನಾನು ಬೀದರ್ ಕಡೆಯವನು, ವಯಸ್ಸು 47. ನಮ್ಮ ಮೆಥೋಡಿಸ್ಟ್ ಸಭೆಯಲ್ಲಿ ವಾರಕ್ಕೊಮ್ಮೆ ಮನೆ ಪ್ರಾರ್ಥನೆ ಕೂಟ ನಡೆಸುತ್ತೇನೆ. ಹೋದ ತಿಂಗಳು ಕ್ಷಮೆಯ ಬಗ್ಗೆ ಮಾತಾಡಿದೆ. ಎಲ್ಲರೂ ಹೋದ ಮೇಲೆ ಹೈಸ್ಕೂಲಿನ ಮಗಳು ಚಾಪೆ ಮಡಚುತ್ತಾ, "ಚಿಕ್ಕಪ್ಪನ ಜೊತೆ ಮಾತು ಬಿಟ್ಟು ಮೂರು ವರ್ಷ ಆಯ್ತಲ್ವಾ ಅಪ್ಪಾ?" ಎಂದಳು. ಜಮೀನಿನ ಪಾಲಿನ ಜಗಳ ಅದು. ಅಂದಿನಿಂದ ರಾತ್ರಿ ನಿದ್ದೆಯಿಲ್ಲ, ನನ್ನನ್ನೇ ಪರೀಕ್ಷಿಸಿಕೊಳ್ಳುತ್ತಾ ಕೂರುತ್ತೇನೆ. ಹಳೆಯ ತಪ್ಪುಗಳೆಲ್ಲ ನೆನಪಾಗುತ್ತವೆ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ಹೋಗುತ್ತಿಲ್ಲ. ಕೂಟ ನಡೆಸುವ ಯೋಗ್ಯತೆ ನನಗಿಲ್ಲ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ಏನೂ ಆಗಿಲ್ಲ ಎಂಬಂತೆ ಮುಂದುವರಿಸಲೂ ಬೇಡಿ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ನಿಮ್ಮ ಯೋಗ್ಯತೆಯ ಮಾತೇ ಜಾಸ್ತಿ. ತಮ್ಮ ಈಗ ಹೇಗಿದ್ದಾನೆ, ಅವನ ಮಕ್ಕಳು ಏನು ಓದುತ್ತಿದ್ದಾರೆ, ಒಂದು ಸಾಲೂ ಇಲ್ಲ. ರಾತ್ರಿಯೆಲ್ಲ ಕೂತು ಪರೀಕ್ಷೆ ಮಾಡಿಕೊಂಡರೂ ನಿಮ್ಮ ಕಣ್ಣು ನಿಮ್ಮನ್ನು ಬಿಟ್ಟು ಆಚೆ ಹೋಗಿಲ್ಲ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ದೇವರ ಕೆಲಸ ಮಾಡುವ ಪ್ರಾಮಾಣಿಕರೇ ಈ ಸುಳಿಗೆ ಸಿಕ್ಕಿಬೀಳುವುದು.

ಬೈಬಲಿನ ರಾಜ ದಾವೀದನನ್ನೇ ನೋಡಿ. ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿ, ಅವಳ ಗಂಡ ಊರೀಯನನ್ನು ಕೊಲ್ಲಿಸಿ, ಮಗು ಹುಟ್ಟುವ ತನಕವೂ ರಾಜ್ಯ ಆಳುತ್ತಲೇ ಇದ್ದ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳಿದಾಗಲೂ ಕಥೆಯ ಶ್ರೀಮಂತನ ಮೇಲೆ ಸಿಟ್ಟಾದನೇ ಹೊರತು ತನ್ನನ್ನು ಕಾಣಲಿಲ್ಲ. "ಆ ಮನುಷ್ಯ ನೀನೇ" ಎಂದು ಇನ್ನೊಬ್ಬರು ಬಾಯಿಬಿಟ್ಟು ಹೇಳಬೇಕಾಯಿತು. ನಿಮ್ಮ ಮನೆಯಲ್ಲಿ ಅದನ್ನು ಮಗಳು ಹೇಳಿದ್ದಾಳೆ. ಅವಳಿಗೆ ಥ್ಯಾಂಕ್ಸ್ ಹೇಳಿದ್ದೀರಾ? ಹೇಳಿ. ತಾನೇನೋ ತಪ್ಪು ಮಾಡಿದೆ ಎಂದು ಆ ಹುಡುಗಿ ಒಳಗೊಳಗೇ ಹೆದರಿರಬಹುದು.

ನಿಮ್ಮ ಸಭೆಯ ಪರಂಪರೆಯಲ್ಲೇ ಇದಕ್ಕೊಂದು ದಾರಿ ಇತ್ತು. ಮೆಥೋಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ, ಸೇರಲು ಬಂದವರನ್ನು ಕೇಳಬೇಕಾದ ಒಂದು ಪ್ರಶ್ನೆ ಇದು: ನಿಮ್ಮ ತಪ್ಪುಗಳನ್ನು ನಿಮಗೆ ಹೇಳಬೇಕೆಂದು ಬಯಸುತ್ತೀರಾ? ಒಬ್ಬನೇ ಕೂತು ಮಾಡಿಕೊಳ್ಳುವ ಪರೀಕ್ಷೆ ಸಾಲದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮಗೆ ಹಾಗೆ ಹೇಳುವವರು ಯಾರಿದ್ದಾರೆ? ಹೆಂಡತಿ ಏನಂದರು ಎಂದು ನೀವು ಬರೆದೇ ಇಲ್ಲ. ಅವರನ್ನು ಕೇಳಿ. ಕೇಳುವಾಗ ಮಧ್ಯೆ ಬಾಯಿ ಹಾಕಬೇಡಿ.

ಈಗ ಕೂಟ ಬಿಡುವ ವಿಷಯ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ನಿಮಗೆ ಬಾಯಿಪಾಠ ಇರುತ್ತದೆ. ಕಾಣಿಕೆ ತಂದಾಗ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗು, ಮೊದಲು ಅವನೊಂದಿಗೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು. ಈ "ಆಮೇಲೆ ಬಂದು" ಎಂಬುದೂ ಆಜ್ಞೆಯೇ. ಕರ್ತನ ಭೋಜನದ ಬಗ್ಗೆ ಅಪೊಸ್ತಲ ಪೌಲನೂ ಹಾಗೇ ಬರೆದ: ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ. ಪರೀಕ್ಷಿಸಿಕೊಂಡು ದೂರ ಕೂರಲಿ ಅಂದಿಲ್ಲ. ಕೂಟ ಬಿಟ್ಟರೆ ಜನರೆದುರು ಮುಜುಗರ ತಪ್ಪುತ್ತದೆ, ನಿಜ. ತಮ್ಮನ ಮನೆ ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ ಅಲ್ವಾ?

ಆದ್ದರಿಂದ ಪಾಸ್ಟರ್ ಹತ್ತಿರ ಹೋಗಿ, ಇದ್ದದ್ದನ್ನು ಹೇಳಿ, ಕೆಲವು ವಾರ ಕೂಟವನ್ನು ಬೇರೆಯವರಿಗೆ ವಹಿಸಿ. ಕೂಟದವರಿಗೆ "ಮನೆಯಲ್ಲಿ ಸರಿಮಾಡಿಕೊಳ್ಳಬೇಕಾದ್ದು ಇದೆ, ಪ್ರಾರ್ಥಿಸಿ" ಎಂದರೆ ಸಾಕು. ಜಮೀನಿನ ಕಥೆಯನ್ನೆಲ್ಲ ಅಲ್ಲಿ ಬಿಚ್ಚಿದರೆ ತಮ್ಮನ ಮಾನವೂ ಹೋಗುತ್ತದೆ.

ಆಮೇಲೆ ತಮ್ಮನ ಮನೆಗೆ ಹೋಗಿ. ಫೋನ್ ಬೇಡ, ಮಧ್ಯಸ್ಥರೂ ಬೇಡ. ಪಹಣಿ, ನಕ್ಷೆ ಏನನ್ನೂ ಒಯ್ಯಬೇಡಿ. ಪಾಲಿನ ಲೆಕ್ಕದಲ್ಲಿ ನೀವೇ ಸರಿ ಇರಬಹುದು, ಅದನ್ನು ಇನ್ನೊಂದು ದಿನ ಹಿರಿಯರ ಮುಂದೆ ಕೂತು ನೋಡಬಹುದು. ಅಂದು ಹೇಳಬೇಕಾದ್ದು ಇಷ್ಟೇ: ಮೂರು ವರ್ಷ ಮಾತು ಬಿಟ್ಟದ್ದು ನನ್ನ ತಪ್ಪು. "ಆದರೆ ನೀನೂ..." ಎಂದು ಸೇರಿಸಬೇಡಿ. ಅವನು ಬಾಗಿಲು ತೆಗೆಯದೆ ಇದ್ದರೆ ವಾಪಸ್ ಬಂದು ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗಿ. ನಿಮ್ಮಿಂದಾದ ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನವಾಗಿರಿ ಎಂದಿದ್ದಾನೆ ಪೌಲ. ನಿಮ್ಮ ತಮ್ಮನ ಉತ್ತರ ನಿಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ಕರ್ತನ ಭೋಜನದಿಂದ ದೂರ ಇರಬೇಕಿಲ್ಲ.

ನಿದ್ದೆ ಹೀಗೇ ಕೆಡುತ್ತಿದ್ದರೆ ಡಾಕ್ಟರನ್ನೂ ನೋಡಿ, ಅದು ವಿಶ್ವಾಸದ ಕೊರತೆಯಲ್ಲ. ಮತ್ತೆ ಕೂಟ ಯಾವಾಗ ಶುರುಮಾಡಬೇಕು ಎಂಬುದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಪಾಸ್ಟರ್ ಮತ್ತು ನಿಮ್ಮ ಹೆಂಡತಿ ಇಬ್ಬರೂ ಸರಿ ಎಂದ ವಾರ ಶುರುಮಾಡಿ.