ರಾತ್ರಿ ಹೈವೇಯಲ್ಲಿ ಗಾಡಿ ಕೆಟ್ಟು ನಿಂತವರನ್ನು ಕಂಡರೆ ನಿಲ್ಲಿಸಬೇಕಾ?

ನಿಮ್ಮ ಪ್ರಶ್ನೆ ಓದಿದೆ. ರಾತ್ರಿ ಹತ್ತೂವರೆಗೆ ಮೈಸೂರಿನಿಂದ ಮಂಡ್ಯಕ್ಕೆ ಬರುತ್ತಿದ್ದಿರಿ. ಕಾರಿನಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗು. ಶ್ರೀರಂಗಪಟ್ಟಣ ದಾಟಿದ ಮೇಲೆ ಒಂದು ಕಾರು ಕೆಟ್ಟು ನಿಂತಿತ್ತು, ಯಾರೋ ಕೈ ಬೀಸಿದರು. ನೀವು ನಿಲ್ಲಿಸಲಿಲ್ಲ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ತಪ್ಪು ಮಾಡಿದೆನಾ ಅಂತ ಕೇಳಿದ್ದೀರಿ.

ನಿಲ್ಲಿಸದೆ ಬಂದದ್ದು ತಪ್ಪಲ್ಲ. ಮಗು ಇರುವ ಕಾರನ್ನು ಆ ಹೊತ್ತಿನಲ್ಲಿ ಆ ರಸ್ತೆಯ ಅಂಚಿಗೆ ಹಾಕುವುದನ್ನು ನಾನೂ ಬೇಡ ಅಂತಲೇ ಹೇಳುತ್ತೇನೆ. ಆದರೆ ಸ್ವಲ್ಪ ಮುಂದೆ ಬಂದು ಒಂದು ಫೋನ್ ಮಾಡಿದ್ದರೆ ಅವರಿಗೂ ಸಹಾಯ ಆಗುತ್ತಿತ್ತು, ನಿಮಗೂ ನಿದ್ದೆ ಬರುತ್ತಿತ್ತು.

ನಾನು ಪಿಕಪ್ ಓಡಿಸುತ್ತೇನೆ. ಪಾಂಡವಪುರದ ಕಡೆಯಿಂದ ತರಕಾರಿ ತುಂಬಿಕೊಂಡು ಬೆಳಗಿನ ಜಾವ ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್ಟಿಗೆ ಹೋಗುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಇದೇ ದಾರಿ. ಎಷ್ಟೋ ಸಲ ನಿಲ್ಲಿಸಿದ್ದೇನೆ, ನನ್ನ ಗಾಡಿ ಕೆಟ್ಟಾಗ ನನಗಾಗಿಯೂ ಜನ ನಿಲ್ಲಿಸಿದ್ದಾರೆ. ಮೊದಲೆಲ್ಲಾ ಸಹಾಯ ಅಂದರೆ ಜಾಕಿ ಕೊಡುವುದು, ಸ್ಟೆಪ್ನಿ ಹಾಕಿಕೊಡುವುದು ಅಂದುಕೊಂಡಿದ್ದೆ. ಈಗ ಹಾಗಲ್ಲ. ಮೊದಲು ಜನರನ್ನು ರಸ್ತೆಯಿಂದ ಈಚೆಗೆ ಕರೆದುಕೊಂಡು ಬರಬೇಕು. ಗಾಡಿ ರಿಪೇರಿ ಆಮೇಲಿನ ಮಾತು.

ಇದು ನನ್ನ ತಲೆಗೆ ಹತ್ತಿದ್ದು ಒಂದು ಡಿಸೆಂಬರ್ ಬೆಳಗಿನ ಜಾವ. ನಾಲ್ಕು ಗಂಟೆ ಇರಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಎಡ ಅಂಚಿನಲ್ಲಿ ಒಂದು ಬಿಳಿ ಕಾರು. ಬಲಗಡೆ ಹಿಂದಿನ ಚಕ್ರ ಪಂಕ್ಚರ್. ಬಲಗಡೆ ಅಂದರೆ ಗೊತ್ತಲ್ವಾ, ಗಾಡಿಗಳು ಓಡುವ ಕಡೆ. ಮೂವತ್ತು ವರ್ಷದ ಹುಡುಗ ಕುಕ್ಕರಗಾಲಲ್ಲಿ ಕೂತು ನಟ್ ಬಿಚ್ಚುತ್ತಿದ್ದ. ಅವನ ಹಿಮ್ಮಡಿ ಬಿಳಿ ಗೆರೆಯ ಮೇಲಿತ್ತು. ಅವನ ಹೆಂಡತಿ ಪಕ್ಕದಲ್ಲಿ ನಿಂತು ಮೊಬೈಲ್ ಲೈಟ್ ಹಿಡಿದಿದ್ದಳು. ವಯಸ್ಸಾದ ತಾಯಿ ಹಿಂದಿನ ಸೀಟಿನಲ್ಲೇ ಕೂತಿದ್ದರು, ಕಾರು ಜಾಕಿಯ ಮೇಲೆ ಇದ್ದಾಗಲೇ.

"ತಮ್ಮಾ, ಮೊದ್ಲು ಅಮ್ಮನ್ನ ಇಳ್ಸಪ್ಪ" ಅಂದೆ.

"ಇನ್ನೆರಡೇ ನಟ್ಟು ಅಣ್ಣಾ" ಅಂದ.

ಅಷ್ಟರಲ್ಲಿ ಒಂದು ಲಾರಿ ಹೋಯಿತು. ತಾಗಲಿಲ್ಲ, ತನ್ನ ಪಾಡಿಗೆ ತಾನು ಹೋಯಿತು. ಆದರೆ ಅದರ ಗಾಳಿಗೆ ಕಾರು ಜಾಕಿಯ ಮೇಲೆ ಆ ಕಡೆ ಈ ಕಡೆ ತೂಗಿತು. ಆ ಹೆಣ್ಣುಮಗಳ ಕೈಯಿಂದ ಮೊಬೈಲ್ ಬಿತ್ತು. ಹುಡುಗ ಸ್ಪ್ಯಾನರ್ ಬಿಟ್ಟು ಎದ್ದು ನಿಂತ. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಜಾಕಿ ಇಳಿಸಿದೆವು, ತಾಯಿಯನ್ನು ಎಡಗಡೆ ಬಾಗಿಲಿನಿಂದ ಇಳಿಸಿದೆವು, ಮೂವರನ್ನೂ ಕಬ್ಬಿಣದ ಬೇಲಿಯ ಆಚೆ ದಾಟಿಸಿದೆವು. ಚಳಿ ಅಂದರೆ ಚಳಿ. ನನ್ನ ಹತ್ತಿರ ಒಣ ಗೋಣಿಚೀಲ ಇತ್ತು. ಅಮ್ಮ ಅದನ್ನೇ ಕೊಪ್ಪೆ ಮಾಡಿ ತಲೆ ಮೇಲಿಂದ ಹಾಕಿಕೊಂಡು ಕೂತರು, ಗದ್ದೆ ಕೆಲಸ ಮಾಡಿ ಬಂದವರು ಅಂತ ಕಾಣುತ್ತೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆವು. ಗಸ್ತಿನ ಗಾಡಿ ಬಂತು, ಹಿಂದೆ ದೂರಕ್ಕೆ ಕೋನ್ ಇಟ್ಟರು. ಆಮೇಲೆ ಉಳಿದ ನಟ್ ಬಿಚ್ಚಿದ್ದು.

ಬಲಗಡೆ ಚಕ್ರ ಪಂಕ್ಚರ್ ಆದರೆ ಇಂಥ ರಸ್ತೆಯಲ್ಲಿ ಬಿಚ್ಚಲೇಬೇಡಿ. ಸಹಾಯಕ್ಕೆ ಹೋದಾಗಲೂ ಬಿಚ್ಚಲು ಬಿಡಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಅಂಚಿನಲ್ಲೇ ನಿಧಾನಕ್ಕೆ ಉರುಳಿಸಿಕೊಂಡು ಅಗಲ ಜಾಗ ಸಿಗುವ ತನಕ ಹೋಗಲಿ. ಟೈರು ಹಾಳಾಗುತ್ತೆ, ರಿಮ್ಮೂ ಹಾಳಾಗಬಹುದು. ಆಗಲಿ ಬಿಡಿ.

ನೀವು ಒಬ್ಬರೇ ಇದ್ದು, ನಿಲ್ಲಿಸುವ ಮನಸ್ಸಾದರೆ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೇ ಮುಖ್ಯ. ಜಾಸ್ತಿ ಜನ ಕೆಟ್ಟ ಗಾಡಿಯ ಹಿಂದೆಯೇ ಅಂಟಿಸಿದ ಹಾಗೆ ನಿಲ್ಲಿಸುತ್ತಾರೆ. ಹಾಗೆ ಮಾಡಿದರೆ ಅದರ ಮಿಣುಕುವ ಲೈಟು ನಿಮ್ಮ ಗಾಡಿಯ ಮರೆಗೆ ಬೀಳುತ್ತೆ. ಹಿಂದಿನಿಂದ ಯಾರಾದರೂ ಗುದ್ದಿದರೆ ನಿಮ್ಮ ಗಾಡಿ ಹೋಗಿ ನಡುವೆ ನಿಂತವರ ಕಾಲಿನ ಮೇಲೇ ಬೀಳುತ್ತೆ. ನಾನು ಮೂವತ್ತು ನಲವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿಸುತ್ತೇನೆ, ಪೂರ್ತಿ ಎಡಕ್ಕೆ. ಆಮೇಲೆ ಬೇಲಿಯ ಆಚೆಯಿಂದ ನಡೆದು ಬರುತ್ತೇನೆ. ಎರಡು ಗಾಡಿಗಳ ಮಧ್ಯೆ ಒಂದು ನಿಮಿಷವೂ ನಿಲ್ಲುವುದಿಲ್ಲ. ತಿರುವಿನಲ್ಲೋ ಸೇತುವೆಯ ಏರಿನಲ್ಲೋ ಆದರೆ ನಿಲ್ಲಿಸುವುದೇ ಇಲ್ಲ. ಜನವರಿಯಲ್ಲಿ ಗದ್ದೆಬಯಲ ಮೇಲೆ ಮಂಜು ಇಳಿದಾಗಲೂ ಇಲ್ಲ, ಮುಂದೆ ಹೋಗಿ ಫೋನ್.

ಡಿಕ್ಕಿಯಲ್ಲಿ ಕೆಂಪು ತ್ರಿಕೋನ ಇರುತ್ತಲ್ಲ, ಅದನ್ನು ಕಾರಿನಿಂದ ಹತ್ತು ಅಡಿ ಹಿಂದೆ ಇಟ್ಟವರನ್ನು ನೋಡಿದ್ದೇನೆ. ಅದರಿಂದ ಏನೂ ಪ್ರಯೋಜನ ಇಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೆ. ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲಲು ಹೆಚ್ಚು ಕಡಿಮೆ ನೂರು ಮೀಟರ್ ಬೇಕು, ಮಳೆಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನೂರು ಮೀಟರಿಗೆ ಕಡಿಮೆ ಇಲ್ಲದ ಹಾಗೆ ಹಿಂದೆ ಇಡಬೇಕು. ತ್ರಿಕೋನವನ್ನು ಎದೆಯ ಮುಂದೆ ಹಿಡಿದುಕೊಂಡು, ಬರುವ ಗಾಡಿಗಳ ಕಡೆ ಮುಖ ಮಾಡಿ ಹೋಗಿ. ಅಂಚಿನಲ್ಲಿ ನಡೆಯಲು ಜಾಗವೇ ಇಲ್ಲದಿದ್ದರೆ ಆ ಸಾಹಸ ಬೇಡ. ಬ್ಯಾಟರಿ ಇದ್ದರೆ ನೆಲದ ಕಡೆ ಬಿಡಿ, ಡ್ರೈವರ್ ಕಣ್ಣಿಗೆ ಬಿಡಬೇಡಿ.

ಹಳ್ಳಿ ರಸ್ತೆಗಳ ಕಥೆ ಬೇರೆ. ಅಲ್ಲಿ ವೇಗ ಕಡಿಮೆ, ಆದರೆ ಕತ್ತಲೆ ಜಾಸ್ತಿ. ಕಬ್ಬಿನ ಟ್ರ್ಯಾಕ್ಟರು ಆಕ್ಸಲ್ ಮುರಿದು ನಿಂತರೆ ಟ್ರೇಲರಿಗೆ ಒಂದು ರಿಫ್ಲೆಕ್ಟರ್ ಕೂಡ ಇರುವುದಿಲ್ಲ, ಬೈಕಿನವರು ನೇರ ಹೋಗಿ ಗುದ್ದುತ್ತಾರೆ. ಅಲ್ಲಿ ನಿಲ್ಲಿಸಿ, ಖಂಡಿತ ನಿಲ್ಲಿಸಿ. ನನ್ನ ಹತ್ತಿರ ಯಾವಾಗಲೂ ಕೆಂಪು ರೇಡಿಯಂ ಸ್ಟಿಕ್ಕರಿನ ಒಂದು ಸುರುಳಿ ಇರುತ್ತೆ, ಒಂದು ಮೊಳ ಕತ್ತರಿಸಿ ಟ್ರೇಲರಿನ ಹಿಂದೆ ಅಂಟಿಸಿ ಬರುತ್ತೇನೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿ ರಸ್ತೆ ಆದರೆ ಬ್ಯಾಟರಿ ಬಿಡದೆ ಪಕ್ಕಕ್ಕೆ ಕಾಲಿಡಬೇಡಿ. ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಹಗಲು ಹೊತ್ತಿನಲ್ಲೇ ಬಸ್ಸು ಆ ನಾಲೆಗೆ ಬಿದ್ದು 30 ಜನ ಹೋದರು. ಅದಾದ ಮೇಲೆ ಆ ರಸ್ತೆಗೆ ಹೋದಾಗಲೆಲ್ಲಾ ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತೆ.

ಇನ್ನೊಂದು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ ಒಕ್ಕಣೆಗೆ ಹಾಕಿರುತ್ತಾರೆ. ಆ ಸಿಪ್ಪೆ, ಬಳ್ಳಿ ಎಲ್ಲಾ ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರ್ ಶಾಖಕ್ಕೆ ಹೊಗೆ ಬಂದು, ಬೆಂಕಿಯೂ ಹತ್ತುತ್ತೆ. ಹೊಗೆ ಬರುವ ಕಾರು ಕಂಡರೆ ಬಾನೆಟ್ ತೆಗೆಯಲು, ಅಡಿಗೆ ತೂರಲು ಹೋಗಬೇಡಿ. ಎಂಜಿನ್ ಆಫ್ ಮಾಡಿಸಿ, ಎಲ್ಲರನ್ನೂ ಇಳಿಸಿ ದೂರ ಕರೆದುಕೊಂಡು ಹೋಗಿ, 112ಕ್ಕೆ ಫೋನ್ ಮಾಡಿ.

ಕೈ ಬೀಸಿದವರು ಕಳ್ಳರಾಗಿದ್ದರೆ ಅಂತ ಕೇಳಿದ್ದೀರಿ. ಆ ಭಯ ಸರಿಯಾದದ್ದೇ. ಸಂಶಯ ಬಂದರೆ ಇಳಿಯಬೇಡಿ, ಗಾಜು ನಾಲ್ಕು ಬೆರಳು ಇಳಿಸಿ "ಯಾರಿಗೆ ಫೋನ್ ಮಾಡ್ಲಿ?" ಅಂತ ಕೇಳಿ. ನಿಜವಾಗಿ ಕಷ್ಟದಲ್ಲಿ ಇರುವವರಿಗೆ ಅಷ್ಟೇ ಸಾಕು. ಅದೂ ಬೇಡ ಅನ್ನಿಸಿದರೆ ಗಣಂಗೂರು ಟೋಲ್ ತನಕವೋ ಬೆಳಕಿರುವ ಜಾಗದ ತನಕವೋ ಹೋಗಿ 1033ಕ್ಕೆ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ, ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ. ಆದರೆ "ಪಟ್ಣ ದಾಟಿದ ಮೇಲೆ" ಅಂದರೆ ಅವರಿಗೆ ಗೊತ್ತಾಗಲ್ಲ. ಕಿಲೋಮೀಟರ್ ಕಲ್ಲಿನ ನಂಬರು ಹೇಳಿ, ಮೈಸೂರು ಕಡೆ ಹೋಗುವ ರಸ್ತೆಯೋ ಬೆಂಗಳೂರು ಕಡೆಯದೋ ಹೇಳಿ.

ಅಪಘಾತವೇ ಆಗಿ ಯಾರಿಗಾದರೂ ಪೆಟ್ಟು ಬಿದ್ದಿದ್ದರೆ 108. ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕಾಗುತ್ತೆ ಅಂತ ಹಿಂದೆ ಸರಿಯಬೇಡಿ. 2016ರಲ್ಲೇ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಹೊಸ ಕಲಮು ಸೇರಿತು. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಿ ಅಂತ ಬಲವಂತ ಮಾಡುವಂತೆಯೂ ಇಲ್ಲ. ಈ ಮಾತು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ನೋಡಿಕೊಂಡು ಹೋಗುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಕಡೆ ಗಾಡಿ ಕೆಟ್ಟರೆ ಹಿಂದೆ ಬೇವಿನ ಕೊಂಬೆಯನ್ನೋ ಹೊಂಗೆ ಸೊಪ್ಪನ್ನೋ ಹಾಕಿ, ಸುತ್ತ ಕಲ್ಲು ಜೋಡಿಸುವುದು ಹಳೇ ರೂಢಿ. ಸೊಪ್ಪು ಒಳ್ಳೆಯದೇ, ತ್ರಿಕೋನ ಇಲ್ಲದವರು ಇನ್ನೇನು ಮಾಡಿಯಾರು. ಕಲ್ಲಿನದೇ ನನಗೆ ಸಂಕಟ. ಗಾಡಿ ರಿಪೇರಿ ಆದ ಖುಷಿಯಲ್ಲಿ ಹೊರಟೇ ಹೋಗುತ್ತಾರೆ, ಕಲ್ಲು ರಸ್ತೆಯ ಮಧ್ಯೆ ಹಾಗೇ ಉಳಿಯುತ್ತೆ. ಎರಡು ವರ್ಷದ ಹಿಂದೆ ನಮ್ಮೂರಿನ ಹುಡುಗ ಹಾಲಿನ ಡೈರಿಗೆ ಹೋಗುವಾಗ ಅಂಥ ಕಲ್ಲಿಗೆ ಬೈಕ್ ಹತ್ತಿಸಿ ಬಿದ್ದ. ಕ್ಯಾನು ಉರುಳಿ ಹಾಲೆಲ್ಲಾ ರಸ್ತೆಯ ಮೇಲೆ. ಅವನ ಬಲಗೈ ಇವತ್ತಿಗೂ ಪೂರ್ತಿ ಮಡಚಲ್ಲ. ನೀವು ಯಾರಿಗಾದರೂ ನೆರವಾಗಿ ಹೊರಡುವಾಗ ಬ್ಯಾಟರಿ ಬಿಟ್ಟು ಒಂದು ಸಲ ನೋಡಿ, ಕಲ್ಲಿದ್ದರೆ ನೀವೇ ಎತ್ತಿ ಪಕ್ಕಕ್ಕೆ ಹಾಕಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಡಿಕ್ಕಿಯಲ್ಲಿ ನಿಮ್ಮ ತ್ರಿಕೋನ ಎಲ್ಲಿದೆ ಹುಡುಕಿ, ಮನೆ ಮುಂದೆ ಲೈಟ್ ಆರಿಸಿ ಅದನ್ನು ಬಿಡಿಸಿ ನಿಲ್ಲಿಸಿ ನೋಡಿ. ನನಗೆ ಮೊದಲನೇ ಸಲ ಅದರ ಕಾಲು ಎಲ್ಲಿ ಎಳೆಯಬೇಕು ಅಂತಲೇ ಗೊತ್ತಾಗಿರಲಿಲ್ಲ.