ಜಾತ್ರೆಯಲ್ಲಿ ಮಗುವನ್ನು ಒಪ್ಪಿಸಿದ ಹುಡುಗ

(ಗುರುತು ಸಿಗದಂತೆ ಊರು, ಕುಟುಂಬ ಮತ್ತು ಘಟನೆಯ ಕೆಲವು ವಿವರಗಳನ್ನು ಬದಲಿಸಿದೆ. ಹುಡುಗ ಮತ್ತು ಅವನ ತಂದೆತಾಯಿಯ ಒಪ್ಪಿಗೆ ಪಡೆದಿದೆ.)

ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ಕಿಗೆ ತಾಯಿ ಮಗನನ್ನು ಕರೆತಂದದ್ದು ಹೊಟ್ಟೆನೋವಿಗೆ. ಹುಡುಗನಿಗೆ 15 ವರ್ಷ, 9ನೇ ತರಗತಿ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ಹಿಡಿದುಕೊಳ್ಳುತ್ತಾನೆ, ಶಾಲೆಯ ಬೆಲ್ ಹೊತ್ತು ದಾಟಿದರೆ ನೋವು ಇಳಿಯುತ್ತದೆ. ವೈದ್ಯರು ಪರೀಕ್ಷಿಸಿ, ದೇಹಕ್ಕೆ ತೊಂದರೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಆಪ್ತಸಲಹೆಗೆ ಕಳಿಸಿದರು. ಈ ಕ್ರಮ ತಪ್ಪಬಾರದು. ಹೊಟ್ಟೆನೋವು ಮನಸ್ಸಿನದೇ ಎಂದು ತೋರುವಾಗಲೂ ಮೊದಲು ಹೊಟ್ಟೆಯನ್ನೇ ನೋಡಿಸಬೇಕು.

ತಾಯಿ ಹೇಳಿದ ಇನ್ನೊಂದು ಸಂಗತಿ ದಾರಿ ತೋರಿಸಿತು. ರಾತ್ರಿ ಎರಡು ಗಂಟೆಯವರೆಗೆ ನಿದ್ದೆಯಿಲ್ಲ. ನಾಲ್ಕಾರು ಸಲ ಎದ್ದು ಆರು ವರ್ಷದ ತಂಗಿ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ನೋಡಿ ಬರುತ್ತಾನೆ. ದೇವಸ್ಥಾನದ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಹೋಗುತ್ತಾನೆ. ಸ್ಕೌಟ್ ಸ್ಕಾರ್ಫನ್ನು ಮಡಚಿ ಬೀರುವಿನ ತಳಕ್ಕೆ ಹಾಕಿಬಿಟ್ಟಿದ್ದಾನೆ. ಸ್ಕೌಟಿನ ತೃತೀಯ ಸೋಪಾನ ಎಂಬ ಹಂತ ಮುಗಿಸಿ ಅದರ ಮುಂದಿನ ರಾಜ್ಯ ಪುರಸ್ಕಾರಕ್ಕೆ ತಯಾರಾಗುತ್ತಿದ್ದ ಹುಡುಗ ಅವನು.

ನಡೆದದ್ದು ಇಷ್ಟು. ಊರಿನ ರಥೋತ್ಸವಕ್ಕೆ ಶಾಲೆಯ ಸ್ಕೌಟ್ ಮತ್ತು ಗೈಡ್ ಮಕ್ಕಳನ್ನು ಸೇವೆಗೆ ಹಾಕಿದ್ದರು. ಇವನ ಪಾಲಿಗೆ ಬಂದದ್ದು ಮೈಕ್ ಪಕ್ಕದ ಟೇಬಲ್, ಅಂದರೆ ತಪ್ಪಿಸಿಕೊಂಡ ಮಕ್ಕಳನ್ನು ಕೂರಿಸುವ ಜಾಗ. ಅಲ್ಲಿ ಉಸ್ತುವಾರಿಗಿದ್ದ ಹಿರಿಯರು "ಊಟ ಮಾಡ್ಕೊಂಡ್ ಬರ್ತೀನಿ, ನೋಡ್ಕೋ" ಎಂದು ದಾಸೋಹದ ಕಡೆ ಹೋದರು. ಟೇಬಲ್ಲಿನಲ್ಲಿ ಉಳಿದದ್ದು ಇವನು ಮತ್ತು 8ನೇ ತರಗತಿಯ ಇನ್ನೊಬ್ಬ ಹುಡುಗ. ಅಷ್ಟರಲ್ಲಿ ಯಾರೋ ಮೂರು ವರ್ಷದ ಗಂಡುಮಗುವನ್ನು ತಂದು ಕೂರಿಸಿದರು. ಮೈಕಿನಲ್ಲಿ ಮಗುವಿನ ಹೆಸರು, ಅಂಗಿಯ ಬಣ್ಣ ಎರಡನ್ನೂ ಕೂಗಿದರು. ಸ್ವಲ್ಪ ಹೊತ್ತಿಗೆ ಒಬ್ಬ ಯುವಕ ಬಂದು "ನಾನು ಇವನ ಸೋದರಮಾವ" ಎಂದ. ಮಗು ನಕ್ಕು ಕೈಚಾಚಿತು. ಹುಡುಗ ಒಪ್ಪಿಸಿದ.

ಹತ್ತು ನಿಮಿಷದಲ್ಲಿ ತಾಯಿ ಬಂದಳು. ಯಾರಿಗೆ ಕೊಟ್ಟೆ ಎಂದರೆ ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಪುಸ್ತಕದಲ್ಲಿ ಬರೆದಿಲ್ಲ. ಆ ಯುವಕ ನಿಜವಾಗಿಯೂ ಮಗುವಿನ ಮಾವನೇ ಆಗಿದ್ದ. ಮಗುವಿಗೆ ಐಸ್‌ಕ್ರೀಮ್ ಕೊಡಿಸಲು ದನದ ಜಾತ್ರೆಯ ಕಡೆ ಕರೆದುಕೊಂಡು ಹೋಗಿದ್ದ. ಜನಜಂಗುಳಿಯಲ್ಲಿ ಅವನ ಫೋನ್ ಸಿಗಲಿಲ್ಲ. ಮಗು ಸಿಗುವವರೆಗಿನ ಮುಕ್ಕಾಲು ಗಂಟೆ ಹುಡುಗನನ್ನು ಸುತ್ತುವರಿದು ಬೈದರು, ಒಬ್ಬರು ಕಪಾಳಕ್ಕೆ ಹೊಡೆದರು, ಇನ್ನೊಬ್ಬರು ಅದನ್ನು ಫೋನಿನಲ್ಲಿ ಹಿಡಿದರು. ಮಗು ಸಿಕ್ಕಿದ ಮೇಲೆ ಎಲ್ಲರೂ ತೇರಿನ ಕಡೆ ಹೋದರು. ಹುಡುಗನಿಗೆ ಯಾರೂ ಏನೂ ಹೇಳಲಿಲ್ಲ. ವಿಡಿಯೋ ಮಾತ್ರ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು.

ತಾಯಿಯ ಎದುರಿಗೆ ಸ್ವಲ್ಪ ಮಾತಾಡಿ, ನಂತರ ಹುಡುಗನ ಜೊತೆ ಒಂಟಿಯಾಗಿ ಕೂತದ್ದಾಯಿತು. ಮೊದಲೇ ಒಂದು ಮಾತು ಸ್ಪಷ್ಟಪಡಿಸಲಾಯಿತು: ಅವನು ಹೇಳಿದ್ದು ಹೊರಗೆ ಹೋಗುವುದಿಲ್ಲ, ಆದರೆ ಅವನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದೆ ಎನ್ನಿಸಿದರೆ ಅಥವಾ ಯಾರಾದರೂ ಅವನಿಗೆ ಹಿಂಸೆ ಕೊಡುತ್ತಿದ್ದರೆ ದೊಡ್ಡವರಿಗೆ ತಿಳಿಸಲೇಬೇಕಾಗುತ್ತದೆ. ಆಮೇಲೆ ನೇರವಾಗಿಯೇ ಕೇಳಲಾಯಿತು: "ಸಾಯ್ಬೇಕು ಅಂತ ಯಾವಾಗಾದ್ರೂ ಅನ್ಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಪಾಲಕರು, ಶಿಕ್ಷಕರು ಹೆದರುತ್ತಾರೆ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ ಇರುವ ಯೋಚನೆ ಒಳಗೇ ಬೆಳೆಯುತ್ತದೆ. ಹುಡುಗ ಹೇಳಿದ್ದು, "ಸಾಯೋದಲ್ಲ, ಊರು ಬಿಟ್ಟು ಎಲ್ಲಿಗಾದ್ರೂ ಹೋಗ್ಬೇಕು ಅನ್ಸತ್ತೆ." ಎಲ್ಲಿಗೆ, ಯಾವಾಗ, ದುಡ್ಡಿದೆಯಾ ಎಂದು ವಿಚಾರಿಸಿದಾಗ ಯೋಜನೆಯೇನೂ ಇರಲಿಲ್ಲ. ಆದರೂ ಆ ಯೋಚನೆ ಜೋರಾದ ದಿನ ಅಮ್ಮನಿಗೆ ಹೇಳುವುದು, ಅಮ್ಮನಿಗೆ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡುವುದು ಎಂದು ಒಪ್ಪಂದವಾಯಿತು. ನಂಬರನ್ನು ಅವನ ಕೈಯಿಂದಲೇ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಸಲಾಯಿತು.

ಈ ಹುಡುಗನನ್ನು ಕಾಡುತ್ತಿದ್ದದ್ದು ಕಪಾಳಕ್ಕೆ ಬಿದ್ದ ಏಟಲ್ಲ. "ಅವನು ಮಾವ ಅಲ್ಲದೇ ಇದ್ದಿದ್ರೆ?" ಎಂಬ ಒಂದೇ ಪ್ರಶ್ನೆ ಅವನೊಳಗೆ ತಿರುಗುತ್ತಿತ್ತು. ತಂಗಿಯ ಹಾಸಿಗೆ ನೋಡಲು ಏಳುತ್ತಿದ್ದದ್ದೂ ಅದರಿಂದಲೇ. ಪ್ರಶ್ನೆ ಸರಿಯಾದದ್ದೇ. "ಏನೂ ಆಗಲಿಲ್ವಲ್ಲ, ಬಿಡು" ಎಂದು ಮನೆಯವರು ಹೇಳಿದಷ್ಟೂ ಅವನಿಗೆ ತನ್ನ ಮಾತು ಯಾರಿಗೂ ಅರ್ಥವಾಗುತ್ತಿಲ್ಲ ಎನ್ನಿಸಿತ್ತು.

ಆದ್ದರಿಂದ ಸಮಾಧಾನದ ಮಾತು ಬಿಟ್ಟು ಲೆಕ್ಕಕ್ಕೆ ಕೂತದ್ದಾಯಿತು. ಒಂದು ಹಾಳೆಯಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ನಿಮಿಷ ನಿಮಿಷವಾಗಿ ಬರೆಸಲಾಯಿತು. ಇನ್ನೊಂದು ಹಾಳೆಯಲ್ಲಿ ದೊಡ್ಡ ವೃತ್ತ. ಆ ದಿನದ ಗೊಂದಲಕ್ಕೆ ಯಾರು ಯಾರು ಎಷ್ಟೆಷ್ಟು ಕಾರಣ ಎಂದು ವೃತ್ತವನ್ನು ಪಾಲು ಮಾಡಬೇಕು. ಮೊದಲು ಸುಮ್ಮನೆ ಕೇಳಿದಾಗ ಅವನು ತನಗೆ 90 ಭಾಗ ಹಾಕಿಕೊಂಡಿದ್ದ. ಇಲ್ಲಿ ನಿಯಮ ಒಂದೇ: ಬೇರೆಯವರ ಪಾಲನ್ನೆಲ್ಲ ಹಾಕಿ ಮುಗಿಸಿ, ತನ್ನ ಪಾಲನ್ನು ಕೊನೆಯಲ್ಲಿ ಹಾಕಬೇಕು. ಬದಲಿ ಜನ ಇಡದೆ ಊಟಕ್ಕೆ ಹೋದ ಹಿರಿಯರು. ಇಬ್ಬರು ಮಕ್ಕಳಿಗೆ ಇಂಥ ಟೇಬಲ್ ಒಪ್ಪಿಸಿದ ಸಮಿತಿ. ಮಗುವಿನ ಹೆಸರು, ಅಂಗಿಯ ಬಣ್ಣ ಕೂಗಿದ ಮೈಕು. ಅದನ್ನು ಕೇಳಿಸಿಕೊಂಡ ಯಾರು ಬೇಕಾದರೂ ಬಂದು ಅದನ್ನೇ ಹೇಳಬಹುದಿತ್ತು. ಒಪ್ಪಿಸಿಕೊಂಡವರ ಹೆಸರು ಬರೆಯಲು ಕಾಲಮೇ ಇಲ್ಲದ ಪುಸ್ತಕ. ಅಕ್ಕನಿಗೆ ಹೇಳದೆ ಮಗುವನ್ನು ಐಸ್‌ಕ್ರೀಮಿಗೆ ಒಯ್ದ ಮಾವ. ಇಷ್ಟು ಹಾಕಿದ ಮೇಲೆ ವೃತ್ತದಲ್ಲಿ ಸಣ್ಣ ಹೋಳೊಂದು ಉಳಿಯಿತು. ಅದಕ್ಕೆ 10 ಎಂದು ಬರೆದ.

ಆ ಹತ್ತನ್ನು ಸೊನ್ನೆ ಮಾಡಲು ಹೋಗಲಿಲ್ಲ. ಪೊಲೀಸ್ ಉಪಠಾಣೆ ಐವತ್ತು ಹೆಜ್ಜೆ ದೂರದಲ್ಲಿತ್ತು, ಅಲ್ಲಿಗೆ ಜೊತೆಯ ಹುಡುಗನನ್ನು ಓಡಿಸಬಹುದಿತ್ತು ಎಂದು ಅವನೇ ಹೇಳಿದ. ಅದು ನಿಜ, ಅದು ಅವನದೇ. ನಿನ್ನದೇನೂ ತಪ್ಪಿಲ್ಲ ಎಂದರೆ ಬುದ್ಧಿವಂತ ಮಕ್ಕಳು ನಂಬುವುದಿಲ್ಲ. ಹಾಗೆ ಹೇಳಿದವರ ಮುಂದಿನ ಮಾತನ್ನೂ ನಂಬುವುದಿಲ್ಲ. ಅವರದೇ ತೂಕದ ಪಾಲನ್ನು ಅವರು ಹೊರಬಲ್ಲರು. ದೊಡ್ಡವರ ಪಾಲನ್ನು ಹೊರಿಸಿದಾಗಲೇ ಕುಸಿಯುವುದು.

ತಂದೆಯನ್ನೂ ಸ್ಕೌಟ್ ಮಾಸ್ಟರರನ್ನೂ ಬೇರೆ ಬೇರೆಯಾಗಿ ಕರೆಸಲಾಯಿತು. ತಂದೆಯದು ಒಂದೇ ಮಾತು: "ಸೇವೆ ಗೀವೆ ಸಾಕು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ." ಮಾಸ್ಟರರು ನೊಂದಿದ್ದರು, ಶಾಲೆಯ ಪ್ರಾರ್ಥನೆಯಲ್ಲಿ ಹುಡುಗನಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದಿದ್ದರು. ಎರಡೂ ಬೇಡವೆಂದು ಸಲಹೆ ಕೊಡಲಾಯಿತು. ಪೂರ್ತಿ ಬಿಡಿಸಿದರೆ, ನಾನು ಮಾಡಿದ್ದು ಬಿಡಿಸುವಷ್ಟು ದೊಡ್ಡ ಅಪರಾಧ ಎಂದು ಹುಡುಗ ತಿಳಿಯುತ್ತಾನೆ, ಹೆದರಿಕೆ ಅಲ್ಲಿಯೇ ಗಟ್ಟಿಯಾಗುತ್ತದೆ. ಸನ್ಮಾನವೆಂದರೆ ಮತ್ತೆ ಜನರ ನಡುವೆ ನಿಲ್ಲಿಸುವುದು, ಮತ್ತೆ ಎಲ್ಲರ ಕಣ್ಣು ಅವನ ಮೇಲೆ. ಅದರ ಬದಲು ಮಾಸ್ಟರರು ಒಬ್ಬರೇ ಮನೆಗೆ ಹೋಗಿ, ತಂದೆತಾಯಿಯ ಎದುರು, "ಅಲ್ಲಿ ದೊಡ್ಡವರು ಇರಬೇಕಿತ್ತು. ನಿನ್ನನ್ನು ಒಬ್ಬನೇ ಬಿಟ್ಟದ್ದು ನಮ್ಮ ತಪ್ಪು" ಎಂದು ಹೇಳಿ ಬರಲಿ ಎಂದು ಕೇಳಿಕೊಳ್ಳಲಾಯಿತು. ಅವರು ಹೋದರು. ಮೊದಲ ಬಾರಿಗೆ ಹುಡುಗ ಅತ್ತದ್ದು ಆ ಸಂಜೆ ಎಂದು ತಾಯಿ ಹೇಳಿದರು.

ವಿಡಿಯೋ ವಿಚಾರದಲ್ಲಿ ಸ್ಪಷ್ಟೀಕರಣ ಬರೆದು ಹಂಚುವುದು ಬೇಡ ಎನ್ನಲಾಯಿತು. ಸ್ಪಷ್ಟೀಕರಣದ ಜೊತೆ ವಿಡಿಯೋ ಇನ್ನೊಂದು ಸುತ್ತು ಹೋಗುತ್ತದೆ. ಮುಖ್ಯೋಪಾಧ್ಯಾಯರು ಗುಂಪಿನ ಅಡ್ಮಿನ್‌ಗಳಿಗೆ ಖುದ್ದಾಗಿ ಫೋನ್ ಮಾಡಿ, ಅದರಲ್ಲಿರುವುದು ಶಾಲೆಯ ಮಗು, ತೆಗೆಯಿರಿ ಎಂದು ಕೇಳಿದರು.

ತಾಯಿಗೆ ಕೊಟ್ಟ ಸಲಹೆ ಚಿಕ್ಕದು. ಫೋನ್ ರಾತ್ರಿ ಒಂಬತ್ತಕ್ಕೆ ಅಡುಗೆಮನೆಯಲ್ಲಿರಲಿ. ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಆರಕ್ಕೆ ಏಳಲಿ, ಮಧ್ಯಾಹ್ನದ ನಿದ್ದೆ ಬೇಡ. ಸಂಜೆ ಆರರಿಂದ ಕಾಲು ಗಂಟೆ "ಜಾತ್ರೆಯ ಯೋಚನೆ"ಗೆಂದೇ ಮೀಸಲು. ಆಗ ಏನು ಬೇಕಾದರೂ ಬರೆಯಲಿ, ಹೇಳಲಿ. ಬೇರೆ ಹೊತ್ತಿನಲ್ಲಿ ಯೋಚನೆ ಬಂದರೆ "ಸಂಜೆ ನೋಡೋಣ" ಎಂದುಕೊಳ್ಳಲಿ. ತಂಗಿಯನ್ನು ಮಲಗುವ ಮುನ್ನ ಒಂದೇ ಸಲ ನೋಡಲಿ. ಮತ್ತೆ ಏಳಬೇಕೆನ್ನಿಸಿದರೆ ಹತ್ತು ನಿಮಿಷ ತಡೆದು ನೋಡಲಿ. "ಮರೆತುಬಿಡು" ಎನ್ನಬೇಡಿ, "ಇವತ್ತು ಎಷ್ಟು ಸಲ ನೆನಪಾಯ್ತು?" ಎಂದು ಕೇಳಿ.

ಹೆದರಿಕೆ ಬಿಡಿಸಲು ಮೆಟ್ಟಿಲುಗಳ ಪಟ್ಟಿ ಮಾಡಿಸಲಾಯಿತು. ಪ್ರತಿ ಮೆಟ್ಟಿಲಿಗೂ ಸೊನ್ನೆಯಿಂದ ಹತ್ತರವರೆಗೆ ಹೆದರಿಕೆಯ ಅಂಕ. ಮನೆಯಲ್ಲಿ ಸ್ಕಾರ್ಫ್ ಕಟ್ಟಿಕೊಳ್ಳುವುದು 3, ಗೆಳೆಯನ ಜೊತೆ ದೇವಸ್ಥಾನದ ಬೀದಿಯಲ್ಲಿ ನಡೆಯುವುದು 5, ತಂಡದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವುದು 6, ಮೈಕಿನ ಹತ್ತಿರ ನಿಲ್ಲುವುದು 9. ಕಡಿಮೆ ಅಂಕದಿಂದ ಶುರು. ಎದೆಬಡಿತ ಇಳಿಯುವವರೆಗೆ ಅಲ್ಲಿಯೇ ಇರಬೇಕು. ಹೆದರಿಕೆ ಏರಿದ ಹೊತ್ತಿನಲ್ಲಿ ಎದ್ದು ಬಂದರೆ ಓಡಿದ್ದರಿಂದಲೇ ಬಚಾವಾದೆ ಎಂದು ಮನಸ್ಸು ಕಲಿಯುತ್ತದೆ. ಒಂದು ಮೆಟ್ಟಿಲು ಮೂರಕ್ಕಿಂತ ಕೆಳಗೆ ಬಂದ ಮೇಲೆಯೇ ಮುಂದಿನದು. ನಡುವೆ ತಂದೆ, ಒಳ್ಳೆಯದಾಗಲೆಂದೇ, ಬೈಕಿನಲ್ಲಿ ಕೂರಿಸಿಕೊಂಡು ಸೀದಾ ತೇರಿನ ಮನೆಯ ಎದುರು ನಿಲ್ಲಿಸಿದರು. ಹುಡುಗ ವಾಂತಿ ಮಾಡಿಕೊಂಡ, ಎರಡು ಮೆಟ್ಟಿಲು ಹಿಂದೆ ಹೋಗಬೇಕಾಯಿತು. ಧೈರ್ಯ ಬರಲೆಂದು ಮಾಡುವ ಈ ಅವಸರ ಬಹಳ ಮನೆಗಳಲ್ಲಿ ನಡೆಯುತ್ತದೆ.

ಒಂದು ತಿಂಗಳು ದಾಟಿದರೂ ದೃಶ್ಯ ಕಣ್ಣೆದುರು ಮರುಕಳಿಸುವುದು, ಬೆಚ್ಚಿ ಬೀಳುವುದು, ಶಾಲೆ ತಪ್ಪುವುದು ನಿಲ್ಲದಿದ್ದರೆ ಮನೋವೈದ್ಯರಿಗೆ ತೋರಿಸಬೇಕೆಂದು ಮೊದಲೇ ಹೇಳಿಡಲಾಗಿತ್ತು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುವುದು ಇಂಥವರಿಗೇ. ಇವನಿಗೆ ಅದರ ಅಗತ್ಯ ಬೀಳಲಿಲ್ಲ. ಮೂರನೇ ವಾರಕ್ಕೆ ಹೊಟ್ಟೆನೋವು ಹೋಯಿತು, ಶಾಲೆ ಶುರುವಾಯಿತು.

ಹುಡುಗನ "ಅವನು ಮಾವ ಅಲ್ಲದೇ ಇದ್ದಿದ್ರೆ?" ಪ್ರಶ್ನೆಗೆ ಉತ್ತರ ಕೊಡಬೇಕಾದವರು ದೊಡ್ಡವರು. ಶಾಲೆಗೂ ಜಾತ್ರಾ ಸಮಿತಿಗೂ ಬರೆದುಕೊಟ್ಟ ಸಲಹೆಯ ತಿರುಳು ಇದು, ಬೇರೆ ಊರಿನವರಿಗೂ ಬೇಕಾದೀತು.

ತಪ್ಪಿಸಿಕೊಂಡ ಮಕ್ಕಳ ಟೇಬಲ್ ಪೊಲೀಸ್ ಉಪಠಾಣೆಗೆ ಅಂಟಿಕೊಂಡಿರಲಿ. ಎಲ್ಲ ಹೊತ್ತಿನಲ್ಲೂ ಇಬ್ಬರು ವಯಸ್ಕರು ಇರಲಿ, ಒಬ್ಬರು ಹೆಂಗಸು. ಬದಲಿ ಜನ ಬಂದು ಕೂತ ಮೇಲೆಯೇ ಊಟಕ್ಕೆ ಏಳುವುದು. ಮೈಕಿನಲ್ಲಿ "ಸುಮಾರು ಮೂರು ವರ್ಷದ ಗಂಡುಮಗು ನಮ್ಮ ಬಳಿ ಇದೆ" ಎಂದಷ್ಟೇ ಹೇಳಬೇಕು. ಹೆಸರು, ಬಟ್ಟೆ, ಕೈಯ ಬಳೆ, ಮಚ್ಚೆ ಯಾವುದನ್ನೂ ಕೂಗಬಾರದು. ಕೇಳಿಕೊಂಡು ಬಂದವರೇ ಅದನ್ನು ಹೇಳಲಿ. ಮಗುವನ್ನು "ಇವರು ನಿಮ್ಮ ಮಾವನಾ?" ಎಂದು ಕೇಳಿದರೆ ಯಾರಿಗಾದರೂ ಹೂಂ ಅನ್ನುತ್ತದೆ, "ಇವ್ರು ಯಾರು ಪುಟ್ಟಾ?" ಎಂದು ಕೇಳಬೇಕು. ಮಗು ನಕ್ಕಿತು ಎಂಬುದು ಗುರುತಲ್ಲ. ಬಂದವರ ಫೋನಿನಲ್ಲಿ ಮಗುವಿನ ಜೊತೆಗಿನ ಫೋಟೋ, ಗುರುತಿನ ಚೀಟಿ, ಅಲ್ಲಿಯೇ ರಿಂಗ್ ಮಾಡಿ ಖಾತ್ರಿ ಮಾಡಿಕೊಂಡ ಮೊಬೈಲ್ ನಂಬರ್, ಸಹಿ. ಬಂದವರು ತಂದೆತಾಯಿ ಅಲ್ಲದಿದ್ದರೆ ತಂದೆತಾಯಿಯ ಜೊತೆ ಫೋನಿನಲ್ಲಿ ಮಾತಾಡಿಯೇ ಒಪ್ಪಿಸುವುದು. ಒಪ್ಪಿಸುವ ಸಹಿ ಪೊಲೀಸರದ್ದು. ಯಾರೂ ಬಾರದಿದ್ದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಹಾಯದ 112ಕ್ಕೆ ಫೋನ್ ಮಾಡುವುದು. ಬಾಲನ್ಯಾಯ ಕಾಯ್ದೆಯ ಪ್ರಕಾರ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಬೇಕು.

ಹೈಸ್ಕೂಲು ಮಕ್ಕಳು ಇಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ: ಮಗುವಿಗೆ ನೀರು ಕೊಡುವುದು, ಜೊತೆಗೆ ಕೂರುವುದು, ಸಿಕ್ಕಿದ ಸಮಯ ಮತ್ತು ಜಾಗ ಬರೆಯುವುದು, ಸುದ್ದಿ ಒಯ್ಯುವುದು, ಊರಿಗೆ ಬಂದ ತಾಯಂದಿರಿಗೆ ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಲು ಹೇಳುವುದು. ಒಪ್ಪಿಸುವುದು ಅವರ ಕೆಲಸವಲ್ಲ. ತೇರಿನ ಹಗ್ಗ ಮತ್ತು ಚಕ್ರದ ಸುತ್ತ, ರಸ್ತೆಯಲ್ಲಿ ವಾಹನ ತಡೆಯುವುದಕ್ಕೆ, ಹುಂಡಿ ಅಥವಾ ದುಡ್ಡಿನ ಡಬ್ಬಿಯ ಬಳಿ ಅವರನ್ನು ಹಾಕಲೇಬಾರದು. ಪಾಳಿ ಮೂರು ಗಂಟೆ ಸಾಕು, ಊಟ ಪಾಳಿಗೆ ಮುಂಚೆ. ಪಾಲಕರ ಒಪ್ಪಿಗೆ ಪತ್ರದಲ್ಲಿ ಜಾಗ, ಸಮಯ, ಕೆಲಸ, ಜವಾಬ್ದಾರಿಯ ಶಿಕ್ಷಕರ ಹೆಸರು ಮತ್ತು ನಂಬರ್, ರಾತ್ರಿ ಮನೆಗೆ ಹೇಗೆ ಬರುತ್ತಾರೆ ಎಂಬುದು ಇರಲಿ. "ಸೇವೆಗೆ ಕಳಿಸಲು ಒಪ್ಪಿದ್ದೇನೆ" ಎಂಬ ಒಂದೇ ಸಾಲಿಗೆ ಸಹಿ ತೆಗೆದುಕೊಂಡರೆ ಯಾರಿಗೂ ಏನೂ ಗೊತ್ತಿರುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಶಾಲೆಯ ಕಣ್ಣು ತಪಾಸಣಾ ಶಿಬಿರದಲ್ಲಿ ಹುಡುಗ ಎರಡು ಗಂಟೆ ಟೋಕನ್ ಬರೆದ, ಪಕ್ಕದಲ್ಲಿ ಗೈಡ್ ಕ್ಯಾಪ್ಟನ್ ಇದ್ದರು. ಮುಂದಿನ ಜಾತ್ರೆಯ ಪುಸ್ತಕಕ್ಕೆ ಬೇಕಾದ ಕಾಲಮುಗಳನ್ನು ಅವನೇ ಗೆರೆ ಹಾಕಿ ಮಾಸ್ಟರರಿಗೆ ಕೊಟ್ಟಿದ್ದಾನೆ. ಆ ಟೇಬಲ್ಲಿಗೆ ಮಾತ್ರ ಕೂರಲಾರೆ ಎಂದಿದ್ದಾನೆ, ಶಾಲೆ ಒಪ್ಪಿದೆ. ಜಾತ್ರೆಯ ದಿನ ಹತ್ತಿರ ಬಂದಂತೆ ಹಳೆಯ ನಿದ್ದೆಗೇಡು ಮರಳುವ ಸಾಧ್ಯತೆ ಇದೆ. ಆದ್ದರಿಂದ ಜಾತ್ರೆಯ ಕೊಡಿ (ಧ್ವಜ) ಏರುವ ಹದಿನೈದು ದಿನ ಮುಂಚೆ ತಾಯಿಯ ಜೊತೆ ಒಮ್ಮೆ ಬಂದು ಹೋಗಲು ತಿಳಿಸಲಾಗಿದೆ.