ರೂಮ್ ಬದಲಿಸಬೇಡಿ, ವಾದ ಗೆಲ್ಲೋಕೂ ಹೋಗಬೇಡಿ

ಹಾಸನದಲ್ಲಿ ಡಿಗ್ರಿ ಮೊದಲ ವರ್ಷ, ಹಾಸ್ಟೆಲ್ ರೂಮ್‌ಮೇಟ್ ಬೇರೆ ಪಕ್ಷದವಳು. ರೂಮ್ ಬದಲಿಸಲಾ, ಇಲ್ಲಾ ಆಧಾರ ಸಮೇತ ವಾದ ಮಾಡಿ ಅವಳ ತಲೆಯಲ್ಲಿರೋದನ್ನ ತೆಗೆಯಲಾ ಅಂತ ಕೇಳಿದ್ದೀರಿ. ನಾನು ಎರಡನೆಯದನ್ನು ಮಾಡಿದವನು. ಗೆದ್ದೆ ಕೂಡ. ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಕೊಟ್ಟರು.

2002ರಲ್ಲಿ ಚಿಕ್ಕಮಗಳೂರಿಗೆ ಬಿಎ ಓದಲು ಬಂದೆ. ನಾನು ಮೂಡಿಗೆರೆ ಕಡೆಯವನು. ನಮ್ಮ ಮನೆಯಲ್ಲಿ ರಾಜಕೀಯ ಅಂದರೆ ಒಂದೇ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಇಲ್ಲಿ ನಿಂತು ವೀರೇಂದ್ರ ಪಾಟೀಲರ ಎದುರು 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರಲ್ಲ, ಆಗ ಲಾರಿ ಹತ್ತಿ ಭಾಷಣ ಕೇಳಲು ಹೋದದ್ದನ್ನು ಅಪ್ಪ ಇವತ್ತಿಗೂ ಹೇಳುತ್ತಾರೆ. (ಓಟು ಹಾಕೋಕೆ ಆಗ 21 ತುಂಬಿರಬೇಕಿತ್ತು. ಅವರಿಗೆ ತುಂಬಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.) ನಮಗೆ ಒಪ್ಪದ ಮಾತಾಡುವವನ ಪಕ್ಕ ಕೂತು ಉಂಡದ್ದು ನಾನು ಹಾಸ್ಟೆಲ್‌ಗೆ ಬಂದ ಮೇಲೇ.

ನನ್ನ ರೂಮ್‌ಮೇಟ್ ಕುದುರೆಮುಖ ಟೌನ್‌ಶಿಪ್‌ನ ಹುಡುಗ. ಅವನ ಅಪ್ಪ ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸದಲ್ಲಿದ್ದರು. ಮಾತೆತ್ತಿದರೆ ಲಕ್ಯಾ ಡ್ಯಾಮ್ (ಗಣಿಯ ಕೆಸರು ತಡೆಯೋಕೆ ಅಲ್ಲಿ ಕಟ್ಟಿದ್ದು) ಅನ್ನುತ್ತಿದ್ದ. ಹಾಗಾಗಿ ಅವನ ಹೆಸರೇ ಲಕ್ಯಾ ಆಗಿಹೋಯಿತು. ನಾನೋ, ಒಂದೇ ತಿಂಗಳಲ್ಲಿ ಪರಿಸರದ ಗುಂಪು ಸೇರಿದ್ದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋ, ಕುದುರೆಮುಖದ ಕಾಡಿನ ಗಂಗಾಮೂಲ, ಅಲ್ಲಿನ ಸಿಂಗಳೀಕ, ಎಲ್ಲ ಬಾಯಿಪಾಠ. ಆ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಲ್ಲಬೇಕು. ನಮ್ಮ ಗುಂಪು ಸಿಹಿ ಹಂಚಿತು. ಲಕ್ಯಾ ಅವತ್ತು ಮೆಸ್‌ಗೆ ಬರಲಿಲ್ಲ.

ದಿನಾ ಜಗಳ. ಕಾಡು ಅಂದರೆ ಸಂಬಳ ಅನ್ನುತ್ತಿದ್ದ. ಭದ್ರೆ ಅಂದರೆ, ನಿಮ್ಮ ತೋಟಕ್ಕೆ ಹೊಡೆಯೋ ಔಷಧಿ ಯಾವ ಹೊಳೆಗೆ ಹೋಗುತ್ತೆ ಅಂತ ಕೇಳುತ್ತಿದ್ದ. (ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.) ಆದರೆ ಲೈಟ್ ಆರಿಸಿದ ಮೇಲೆ ಬೇರೆ ತರಹ ಮಾತಾಡುತ್ತಿದ್ದೆವು. ಒಂದು ರಾತ್ರಿ ಕರೆಂಟ್ ಹೋಗಿತ್ತು, ಮಳೆ. ಅವನಾಗೇ ಹೇಳಿದ: "ಕೋರ್ಟ್ ಹೇಳಿದ್ದು ತಪ್ಪು ಅಂತ ನನ್ನ ಬಾಯಲ್ಲಿ ಬರಲ್ಲ ಕಣೋ ಅಂತಾರೆ ನಮ್ಮಪ್ಪ. ಆದ್ರೆ ಅಕ್ಕನ ಮದುವೆ ಸಾಲ ಇನ್ನೂ ತೀರಿಲ್ಲ." ನಾನು ಹೂಂ ಅಂದೆ. ಅಷ್ಟೇ.

ಮೂರು ವಾರದ ಮೇಲೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ವಿಷಯ ಗಣಿ. ನಾನು ಮುಚ್ಚಬೇಕು ಅನ್ನೋ ಕಡೆ, ಅವನು ಬೇಡ ಅನ್ನೋ ಕಡೆ. ಅವನು ಚೆನ್ನಾಗಿ ಮಾತಾಡಿದ. ಚಪ್ಪಾಳೆ ಅವನ ಕಡೆ ವಾಲುತ್ತಿತ್ತು. ಕೊನೆಯ ಒಂದು ನಿಮಿಷ ನನಗೆ ಉಳಿದಿತ್ತು. ಮೈಕ್ ಹಿಡಿದು ಹೇಳಿದೆ: "ನನ್ನ ಎದುರಾಳಿ ಮೊದಲು ಮನೆಗೆ ಹೋಗಿ ಕೇಳಲಿ. ಅದೇ ಗಣಿಯಲ್ಲಿ ದುಡಿಯೋ ಅವರ ತಂದೆಯೇ ತೀರ್ಪು ತಪ್ಪಲ್ಲ ಅಂತಾರೆ."

ಹಾಲ್ ಹೋ ಅಂದಿತು. ಡಬ್ಬಿ ಬಂತು.

ಇದರಲ್ಲಿ ತಪ್ಪು ಯಾವುದು ಅಂತ ನನಗೇ ತಿಳಿಯೋಕೆ ವರ್ಷಗಳು ಹಿಡಿದವು. ಬಿಡಿಸಿ ಹೇಳುತ್ತೇನೆ, ಬೇಜಾರಾದರೆ ದಾಟಿ ಹೋಗಿ. ನಾನು ಸುಳ್ಳು ಹೇಳಿರಲಿಲ್ಲ. ಅವನೂ ಗುಟ್ಟು ಅಂತ ಆಣೆ ಹಾಕಿಸಿರಲಿಲ್ಲ. ಗುಟ್ಟು ಬಯಲು ಮಾಡಿದೆ ಅನ್ನೋದಕ್ಕಿಂತ ದೊಡ್ಡದು ಒಂದಿದೆ. ಅವನು ನನ್ನ ಹತ್ತಿರ ಹೇಳಿಕೊಂಡದ್ದು ಅನುಮಾನ. ತನ್ನ ಪಕ್ಷದ ಮೇಲೆ ತನಗೇ ಇದ್ದ ಅನುಮಾನ. ಅದನ್ನು ನಾನು ಸಾಕ್ಷಿ ಮಾಡಿಬಿಟ್ಟೆ. ಜತೆಗೆ ಅರ್ಧ ಮಾತು ನುಂಗಿದೆ: ಸಾಲದ ವಿಷಯ ವೇದಿಕೆ ಮೇಲೆ ಎತ್ತಲೇ ಇಲ್ಲ. ಹಾಲ್‌ನಲ್ಲಿ ಟೌನ್‌ಶಿಪ್‌ನ ಇನ್ನೂ ನಾಲ್ಕೈದು ಹುಡುಗರಿದ್ದರು. ಊರಲ್ಲಿ ಎಲ್ಲರೂ ಕೆಲಸ ಉಳಿಸಿಕೊಳ್ಳೋಕೆ ಒದ್ದಾಡುತ್ತಿರುವಾಗ ಅವರಪ್ಪ ಒಬ್ಬರು ಹೀಗಂದರು ಅನ್ನೋ ಸುದ್ದಿ ಭಾನುವಾರದ ಹೊತ್ತಿಗೆ ಮನೆ ಮುಟ್ಟಿತು.

ಹಾಸ್ಟೆಲ್‌ಗೆ ಇದ್ದದ್ದು ಒಂದೇ ಫೋನು, ವಾರ್ಡನ್ ರೂಮಿನ ಹೊರಗೆ. ಮನೆಯಿಂದ ಫೋನ್ ಬರುತ್ತೆ ಅಂತ ನಾನೂ ಅಲ್ಲೇ ಸಾಲಿನಲ್ಲಿ ನಿಂತಿದ್ದೆ. ಲಕ್ಯಾ ರಿಸೀವರ್‌ನ ಸುರುಳಿ ವೈರನ್ನು ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ, ಇಲ್ಲಪ್ಪಾ, ಇಲ್ಲಪ್ಪಾ ಅಂತಿದ್ದ. ನನ್ನನ್ನು ನೋಡಿ ಗೋಡೆ ಕಡೆ ತಿರುಗಿದ.

ಸಾರಿ ಕೇಳಿದೆ. "ಬಿಡೋ" ಅಂದ. ರೂಮ್ ಬದಲಿಸಲಿಲ್ಲ. ಇನ್ನೂ ಎರಡು ವರ್ಷ ಜತೆಗೇ ಇದ್ದ, ಸೋಪು, ಸಕ್ಕರೆ ಎಲ್ಲ ಹಂಚಿಕೊಂಡ. ಲೈಟ್ ಆರಿಸಿದ ಮೇಲೆ ಮಾತ್ರ, ನಿದ್ದೆ ಬರ್ತಿದೆ ಅನ್ನುತ್ತಿದ್ದ. ಅವನೊಬ್ಬನೇ ಅಲ್ಲ. ನನ್ನ ಮುಂದೆ ಬೇರೆ ಯಾರೂ ತಮ್ಮ ಅನುಮಾನ ಆಡುತ್ತಿರಲಿಲ್ಲ. ಎಡದವರು ಎಡದ ಭಾಷಣ, ಬಲದವರು ಬಲದ ಭಾಷಣ. ಅದನ್ನು ಕೇಳೋಕೆ ಹಾಸ್ಟೆಲ್ ಯಾಕೆ ಬೇಕು, ಸಂಜೆ ಆಜಾದ್ ಪಾರ್ಕ್ ವೃತ್ತದಲ್ಲಿ ನಿಂತರೆ ಸಾಕು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ಅವಳ ಮನಸ್ಸು ಬದಲಿಸೋ ಗುತ್ತಿಗೆ ನಿಮಗೆ ಯಾರೂ ಕೊಟ್ಟಿಲ್ಲ. ಕಾಲೇಜಲ್ಲಿ ಚರ್ಚೆ ಏರ್ಪಡಿಸಿದರೆ ಎಲ್ಲ ಸರಿಹೋಗುತ್ತೆ ಅನ್ನೋರನ್ನೂ ನಂಬಬೇಡಿ. ಮೈಕ್ ಮುಂದೆ ಯಾರೂ ನಿಜ ಹೇಳಲ್ಲ. ಅವಳ ಮನೆಯಲ್ಲಿ ಏನು ಬೆಳೀತಾರೆ, ಯಾರ ಸಾಲ ಇದೆ, ಅವಳ ಪಕ್ಷದ ಯಾವ ಮಾತು ಅವಳಿಗೇ ಗಂಟಲಲ್ಲಿ ಇಳಿಯಲ್ಲ, ಅದನ್ನು ಕೇಳಿಸಿಕೊಳ್ಳಿ. ನಿಮ್ಮ ಪಕ್ಷದ್ದೂ ಒಂದು ಹೇಳಿ, ಮೊದಲು ನೀವೇ ಹೇಳಿ. ಸ್ಕ್ರೀನ್‌ಶಾಟ್ ಮಾತ್ರ ತೆಗೆಯಬೇಡಿ. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ನಾನು ಖಂಡಿತ ತೆಗೆದಿರುತ್ತಿದ್ದೆ. ಜಾತಿ, ಧರ್ಮ ಎತ್ತಿ ಹೀಯಾಳಿಸಿದರೆ, ಹೆದರಿಸಿದರೆ ಮಾತ್ರ ಅವತ್ತೇ ರೂಮ್ ಬಿಡಿ, ಅದು ಬೇರೆ ಕಥೆ.

2018ರ ಚುನಾವಣೆ ಹೊತ್ತಿಗೆ ಲಕ್ಯಾ ನಿಮ್ಮ ಹಾಸನದ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿದ. ಟೀ ಕುಡಿದೆವು. ಅವರಪ್ಪ ಚೆನ್ನಾಗಿದ್ದಾರಂತೆ. ಈ ಸಲ ಯಾರಿಗೋ ಓಟು ಅಂದೆ. "ನಂದು ಬಿಡು, ನಿಂದು ಹೇಳು" ಅಂದ. ಹೇಳಿದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ. ಅಷ್ಟರಲ್ಲಿ ಮಂಗಳೂರು ಬಸ್ ಬಂತು, ಟೀ ದುಡ್ಡು ಕೊಟ್ಟು ಹತ್ತಿದ.